ಮಲೆನಾಡಿನ ಐದು ರೂಮಿನ ಹೋಂಸ್ಟೇ: ಮೊದಲು ಗೀಸರೋ, ಜನರೇಟರೋ, ನೀರಿನ ಬಾಟಲಿಯೋ?

ಕಾಫಿಹೂ ಕೇಳಿದ್ದು:

ಮೂಡಿಗೆರೆ ಕಡೆ, ಕಾಫಿ ತೋಟದ ಒಳಗಿನ ಹೋಂಸ್ಟೇ. ಐದು ರೂಮು. ಬೆಂಗಳೂರಿನ ಒಂದು ಕಂಪನಿಯವರು ಟೀಮ್ ಕಳಿಸೋ ಮೊದಲು "ಒಂದು ರೂಮಿಗೆ ಒಂದು ರಾತ್ರಿಗೆ ಎಷ್ಟು ಕಾರ್ಬನ್, ಕಡಿಮೆ ಮಾಡೋಕೆ ಏನು ಕ್ರಮ" ಅಂತ ಬರವಣಿಗೆಯಲ್ಲಿ ಕೇಳಿದ್ದಾರೆ. ಜುಲೈ ತಿಂಗಳ ಲೆಕ್ಕ ಇದು:

ಕರೆಂಟ್ 520 ಯೂನಿಟ್. 19 ಕೆಜಿಯ ಸಿಲಿಂಡರ್ 4. ಜನರೇಟರಿಗೆ ಡೀಸೆಲ್ 60 ಲೀಟರ್ (ಬೇಸಿಗೆಯಲ್ಲಿ ಇದರ ಅರ್ಧವೂ ಇಲ್ಲ). ಒಂದು ಲೀಟರಿನ ನೀರಿನ ಬಾಟಲಿ 30 ಕೇಸ್, ಅಂದರೆ 360. ಬುಕ್ ಆದದ್ದು ಒಟ್ಟು 70 ರೂಮ್-ರಾತ್ರಿ, ಬಂದ ಕಾರು 30ರ ಆಸುಪಾಸು, ಹೆಚ್ಚಿನವು ಬೆಂಗಳೂರಿನವು. ರೂಮಿಗೊಂದು 15 ಲೀಟರಿನ ಗೀಸರ್ ಇದೆ. ಬಚ್ಚಲಲ್ಲಿ ಹಂಡೆ ಒಲೆ ಇದೆ, ಮನೆಯವರಿಗೆ ಮಾತ್ರ. ಎರಡು ಹಸು. ತೆರೆದ ಬಾವಿ, ಬೇಸಿಗೆಯಲ್ಲೂ ನೀರಿರುತ್ತೆ. ಸೆಪ್ಟಿಕ್ ಟ್ಯಾಂಕಿಗೆ ಬಚ್ಚಲು, ಅಡುಗೆಮನೆ, ಟಾಯ್ಲೆಟ್ ಎಲ್ಲ ಒಟ್ಟಿಗೇ ಹೋಗುತ್ತೆ.

ಮೂರೂವರೆ ಲಕ್ಷ ಹಾಕಬಹುದು. ಸೋಲಾರ್‌ನವರು 3 ಕಿಲೋವ್ಯಾಟ್ ಆನ್-ಗ್ರಿಡ್ (ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸೋ) ಪ್ಯಾನೆಲ್ ಹಾಕಿಸಿ, ಜನರೇಟರ್ ಖರ್ಚೂ ಉಳಿಯುತ್ತೆ ಅಂತಿದ್ದಾರೆ. ಎಲ್ಲಿಂದ ಶುರು ಮಾಡೋದು?

ಲೆಕ್ಕದಪುಸ್ತಕ:

ಮೊದಲು ಕಂಪನಿಯವರ ಪ್ರಶ್ನೆ ಮುಗಿಸೋಣ, ಅದು ಹತ್ತು ನಿಮಿಷದ ಕೆಲಸ. ಗ್ರಿಡ್‌ನ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿಯಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷಾವರ್ಷ ಈ ಅಂಕಿ ಕೊಡುತ್ತೆ, ಹೊಸದನ್ನು ನೋಡಿ ಹಾಕಿ. ಗ್ಯಾಸ್ ಕೆಜಿಗೆ 3 ಕೆಜಿ, ಡೀಸೆಲ್ ಲೀಟರಿಗೆ 2.7, ಪೆಟ್ರೋಲ್ ಲೀಟರಿಗೆ 2.3.

ಕರೆಂಟ್ 364, ಗ್ಯಾಸ್ 228, ಡೀಸೆಲ್ 162. ಒಟ್ಟು 754 ಕೆಜಿ. 70ರಿಂದ ಭಾಗಿಸಿದರೆ ರೂಮ್-ರಾತ್ರಿಗೆ 11 ಕೆಜಿಗೆ ಸ್ವಲ್ಪ ಕಡಿಮೆ. ನಿಮ್ಮ ಮನೆಯ ಬಳಕೆ ಮತ್ತು ತೋಟದ ಪಂಪು ಇದೇ ಮೀಟರಿನಲ್ಲಿದ್ದರೆ ಈ ಅಂಕಿ ಸುಳ್ಳು. ಅತಿಥಿಗಳ ಬ್ಲಾಕಿಗೆ ಒಂದು ಸಬ್‌ಮೀಟರ್ ಕೂರಿಸಿ, ಅದಿಲ್ಲದೆ ಮುಂದಿನ ಯಾವ ಉಳಿತಾಯವೂ ಕಣ್ಣಿಗೆ ಕಾಣಲ್ಲ. ಹಾಗೇ ಗೋಡೆಗೊಂದು ಕ್ಯಾಲೆಂಡರ್ ತೂಗುಹಾಕಿ: ಸಿಲಿಂಡರ್ ಬದಲಾದ ದಿನ, ಡೀಸೆಲ್ ಹಾಕಿದ ಲೀಟರು, ಜನರೇಟರ್ ಓಡಿದ ಗಂಟೆ. ಸಾಫ್ಟ್‌ವೇರ್ ಏನೂ ಬೇಡ.

ಈಗ ಕಾರಿಗೆ ಬನ್ನಿ. ಬೆಂಗಳೂರಿಂದ ಹೋಗಿಬರೋಕೆ ಸುಮಾರು 500 ಕಿಮೀ. ಲೀಟರಿಗೆ 15 ಕಿಮೀ ಕೊಟ್ಟರೆ 33 ಲೀಟರ್, ಅಂದರೆ ಕಾರಿಗೆ 76 ಕೆಜಿ. 30 ಕಾರಿಗೆ 2,280. ನಿಮ್ಮ ಗೀಸರು, ಒಲೆ, ಜನರೇಟರ್ ಎಲ್ಲ ಸೇರಿಸಿದರೂ ಅದರ ಮೂರನೇ ಒಂದು ಭಾಗ. ಪೇಪರ್ ಸ್ಟ್ರಾ ಇಟ್ಟು "ಇಕೋ" ಅನ್ನೋರು ಈ ಸಾಲನ್ನು ಬರೆಯೋದೇ ಇಲ್ಲ.

ಅದಕ್ಕೆ ನಿಮ್ಮ ಕೈಲಿರೋದು ಎರಡು. ಒಂದು, ಎರಡು ರಾತ್ರಿ ಇದ್ದವರಿಗೆ ಎರಡನೇ ರಾತ್ರಿಯ ದರ ಇಳಿಸಿ. ಬರೋದು ಹೋಗೋದು ಅಷ್ಟೇ, ರಾತ್ರಿ ಎರಡಾದರೆ ತಲಾ ರಾತ್ರಿಯ ಪ್ರಯಾಣದ ಪಾಲು ಅರ್ಧಕ್ಕೆ ಇಳಿಯುತ್ತೆ. ಶನಿವಾರ ಬಂದು ಭಾನುವಾರ ಓಡುವವರಿಂದ ಹಾಸಿಗೆ ಬಟ್ಟೆ ಒಗೆಯೋ ಖರ್ಚೂ ನಿಮಗೇ. ಎರಡು, ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಬಂದವರನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಕರಕೊಂಡು ಬರೋ ವ್ಯವಸ್ಥೆಯನ್ನು ಬುಕಿಂಗ್ ಪೇಜಿನಲ್ಲೇ ಬರೆಯಿರಿ. ತೋಟದೊಳಗಿನ ಕೊನೆಯ ಆರೇಳು ಕಿಮೀಗೆ ಗಾಡಿ ಸಿಗಲ್ಲ ಅನ್ನೋ ಒಂದೇ ಭಯಕ್ಕೆ ಎಷ್ಟೋ ಜನ ಕಾರು ತೆಗೀತಾರೆ. ಈ ಕಂಪನಿಯವರಿಗಂತೂ 12 ಸೀಟಿನ ಟಿಟಿಯಲ್ಲೇ (ಟೆಂಪೋ ಟ್ರಾವೆಲರ್) ಬನ್ನಿ ಅನ್ನಿ. ಲೀಟರಿಗೆ 10 ಕಿಮೀ ಲೆಕ್ಕದಲ್ಲಿ 50 ಲೀಟರ್ ಡೀಸೆಲ್, 135 ಕೆಜಿ, ತಲೆಗೆ 11. ಅದೇ 12 ಜನ ನಾಲ್ಕು ಕಾರಲ್ಲಿ ಬಂದರೆ 300 ದಾಟುತ್ತೆ.

ನಿಮ್ಮ ಲಕ್ಷಗಳ ಪ್ರಶ್ನೆಗೆ ಬಿಸಿನೀರು ಮೊದಲು, ಜನರೇಟರ್ ಎರಡನೇದು. ವಿವರ ಇಲ್ಲಿ ಬಲ್ಲವರು ಹೇಳ್ತಾರೆ.

ಬಚ್ಚಲೊಲೆ:

ಬಿಸಿನೀರಿನ ಲೆಕ್ಕ. ಒಬ್ಬ ಅತಿಥಿಗೆ 55 ಡಿಗ್ರಿಯ ನೀರು 30 ಲೀಟರ್ ಸಾಕು, ತಣ್ಣೀರು ಬೆರೆಸಿದರೆ ಎರಡು ಬಕೆಟ್ ಆಗುತ್ತೆ. ಹತ್ತು ಜನಕ್ಕೆ 300 ಲೀಟರ್. 20 ಡಿಗ್ರಿಯ ಬಾವಿ ನೀರನ್ನು ಅಲ್ಲಿಗೆ ಏರಿಸೋಕೆ 12 ಯೂನಿಟ್ ಬೇಕು. ಗೀಸರಿನಲ್ಲಿ ಆ 12 ಜೊತೆಗೆ ಸುಮ್ಮನೆ ಆನ್ ಇರುವಾಗ ಆರಿಹೋಗೋ ಶಾಖ ಬೇರೆ. ಹಳೇ ಗೀಸರಾದರೆ ದಿನಕ್ಕೆ ಅರ್ಧ ಯೂನಿಟ್ ಹೀಗೇ ಹೋಗುತ್ತೆ, ಐದಕ್ಕೆ ಎರಡೂವರೆ. ಇವತ್ತೇ ಮಾಡಬಹುದಾದದ್ದು: ಥರ್ಮೋಸ್ಟಾಟ್ 55ಕ್ಕೆ ಇಳಿಸಿ, ರೂಮ್ ಖಾಲಿಯಾದ ಕೂಡಲೇ ಗೀಸರಿನ ಎಂಸಿಬಿ (ಬೋರ್ಡಿನ ಸ್ವಿಚ್ಚು) ಕೆಳಗೆ.

ಎಲ್ಲರೂ ಹೇಳೋದು ಸೋಲಾರ್ ವಾಟರ್ ಹೀಟರ್. ಅಕ್ಟೋಬರಿಂದ ಮೇ ತನಕ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್, ಅತಿಥಿಗೆ ಬಿಸಿನೀರು ನಿಜವಾಗಿ ಬೇಕಾದ ನಾಲ್ಕು ತಿಂಗಳು, ಅದು ಮಾಡಿನ ಮೇಲೆ ಸುಮ್ಮನೆ ಮಲಗಿರುತ್ತೆ. ಆಗ ಒಳಗಿನ 2 ಕಿಲೋವ್ಯಾಟ್ ಹೀಟರ್ ಆನ್ ಮಾಡ್ತೀರಿ, ಇಡೀ 300 ಲೀಟರ್ ಕಾಯಿಸ್ತೀರಿ, ಇಬ್ಬರು ಅತಿಥಿ ಇದ್ದರೂ. ಬಿಲ್ಲು ಗೀಸರಿಗಿಂತ ಜಾಸ್ತಿ ಬರೋದು ಇಲ್ಲೇ. ಕೊಳವೆಯ ಮಾದರಿ ಹಾಕಿಸಿದರೆ ಮಂಗಗಳ ಕಾಟ ಬೇರೆ, ವರ್ಷಕ್ಕೆ ಎರಡು ಮೂರು ಗಾಜು ಒಡೆದೇ ಒಡೆಯುತ್ತವೆ.

ನಿಮ್ಮ ಜಾಗಕ್ಕೆ ಹೀಟ್ ಪಂಪ್ ಸರಿ. ಅದು ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತೆ, ಫ್ರಿಜ್ಜಿನ ಕೆಲಸವೇ ತಿರುಗಾಮುರುಗಾ. ಮಲೆನಾಡಿನ ಮಳೆಗಾಲದ 20 ಡಿಗ್ರಿ, ತೇವದ ಗಾಳಿ ಅದಕ್ಕೆ ತೊಂದರೆಯೇ ಅಲ್ಲ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಲೆಕ್ಕ ಹಾಕಿ, 12ರ ಬದಲು 4 ಯೂನಿಟ್. ಸೋಲಾರ್ ಹೀಟರಿಗಿಂತ ರೇಟು ಜಾಸ್ತಿ, ಸರ್ವಿಸ್‌ಗೆ ಹಾಸನದಿಂದಲೋ ಮಂಗಳೂರಿಂದಲೋ ಬರ್ತಾರಾ ಅಂತ ಮೊದಲೇ ಕೇಳಿ. ಕೂರಿಸುವಾಗ ಹೊರಗಿನ ಯೂನಿಟ್ಟನ್ನು ಮುಚ್ಚಿದ ಕೋಣೆಗೆ ಹಾಕಬೇಡಿ, ತಾನೇ ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದು ಕೆಲಸ ಅರ್ಧಕ್ಕಿಳಿಯುತ್ತೆ. ಮಾಡಿನ ಇಳಿಜಾರಿನಡಿ, ಮೂರು ಕಡೆ ತೆರೆದ ಜಾಗ ಸಾಕು. ಅದರಿಂದ ಒಸರೋ ನೀರಿಗೆ ಒಂದು ಪೈಪು. ವಾರಕ್ಕೊಮ್ಮೆ ಟ್ಯಾಂಕನ್ನು 60 ಡಿಗ್ರಿಗೆ ಏರಿಸಿ, ಇಲ್ಲವಾದರೆ ಬೆಚ್ಚಗಿನ ನೀರು ನಿಂತಲ್ಲಿ ರೋಗಾಣು ಬೆಳೆಯುತ್ತೆ.

ಮತ್ತೆ ಪೈಪು. ಇದನ್ನು ಯಾವ ಅಂಗಡಿಯವನೂ ಹೇಳಲ್ಲ. 20 ಮಿಲಿಮೀಟರ್ ಒಳವ್ಯಾಸದ ಪೈಪು ಒಂದು ಮೀಟರಿಗೆ 0.3 ಲೀಟರ್ ಹಿಡಿಯುತ್ತೆ. ಟ್ಯಾಂಕಿಂದ ಕೊನೆಯ ರೂಮಿಗೆ 25 ಮೀಟರ್ ಇದ್ದರೆ ಬಿಸಿನೀರು ಬರೋ ಮುಂಚೆ ಎಂಟು ಲೀಟರ್ ತಣ್ಣೀರು ಚರಂಡಿಗೆ, ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಆರಿಹೋಗುತ್ತೆ. ಅದಕ್ಕೆ ಟ್ಯಾಂಕು ರೂಮುಗಳ ನಡುವೆ ಇರಲಿ, ಕವಲುಗಳು 15 ಮಿಲಿಮೀಟರ್ ಇರಲಿ, ಮಾಮೂಲಿ ಪಿವಿಸಿ ಅಲ್ಲ, ಬಿಸಿನೀರು ತಡೆಯೋ ಸಿಪಿವಿಸಿ. ಮೇಲೆ 13 ಮಿಲಿಮೀಟರಿನ ಕಪ್ಪು ಫೋಮ್ ಕವಚ. ಬಿಸಿಲು ಬೀಳೋ ಕಡೆ ಫೋಮಿನ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿ, ಇಲ್ಲದಿದ್ದರೆ ಎರಡು ಬೇಸಿಗೆಗೆ ಪುಡಿಯಾಗುತ್ತೆ.

ಹಂಡೆ ಒಲೆ ಬಗ್ಗೆ: ತೋಟದಲ್ಲಿ ಸವರಿದ ಸೌದೆ ಇದ್ದರೆ ಅದನ್ನು ಅತಿಥಿಗಳಿಗೂ ಬಳಸಿ, ತಪ್ಪೇನಿಲ್ಲ. ಆದರೆ ತೆರೆದ ಬಚ್ಚಲೊಲೆಯಲ್ಲಿ ಸೌದೆಯ ಶಾಖದ ಬಹುಪಾಲು ಗೋಡೆಗೆ ಹೋಗುತ್ತೆ. ನೂರು ಲೀಟರಿಗೆ ಐದಾರು ಕೆಜಿ ಒಣ ಸೌದೆ ಬೇಕು, ಹಸಿಯಾದರೆ ಅದಕ್ಕೆ ಮಿತಿಯೇ ಇಲ್ಲ. ಜನವರಿಯಲ್ಲಿ ಕಡಿದು ಸೀಳಿ, ಮೇ ಕೊನೆಯೊಳಗೆ ಕೊಟ್ಟಿಗೆಯೊಳಗೆ ಒಟ್ಟಿದ್ದು ಮಾತ್ರ ಜುಲೈಗೆ ಉರಿಯುತ್ತೆ. ಆರಿಂಚಿನ ಹೊಗೆಕೊಳವೆ ಮಾಡಿನ ನೆತ್ತಿಗಿಂತ ಎರಡಡಿ ಮೇಲಿರಲಿ. ಹಂಡೆ ಬದಲು ಸೌದೆ ಬಾಯ್ಲರ್ ಹಾಕಿಸಿದರೆ ಅದರ ಗಾಳಿಕೊಳವೆ ಸದಾ ತೆರೆದಿರಬೇಕು, ನಡುವೆ ಯಾವ ವಾಲ್ವೂ ಕೂಡದು. ಒತ್ತಡ ಕಟ್ಟಿದರೆ ಬಾಯ್ಲರ್ ಬಾಂಬಿನ ಹಾಗೆ ಸಿಡಿಯುತ್ತೆ.

ಮೂರುಫೇಸ್:

ಸೋಲಾರ್‌ನವರು ಹೇಳಿದ್ದರಲ್ಲಿ ಅರ್ಧ ಸುಳ್ಳು. ಆನ್-ಗ್ರಿಡ್ ಇನ್ವರ್ಟರ್ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತೆ. ಲೈನಿನಲ್ಲಿ ಕೆಲಸ ಮಾಡೋ ಲೈನ್‌ಮನ್ ಸಾಯಬಾರದು ಅಂತ ಕಾನೂನೇ ಹಾಗಿದೆ. ಅಂದರೆ ಜನರೇಟರ್ ಓಡುವ ಗಂಟೆ ಒಂದೂ ಕಡಿಮೆಯಾಗಲ್ಲ. ಅದೂ ಅಲ್ಲದೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತೆ ಅನ್ನೋದು ಬಯಲುಸೀಮೆಯ ಮಾತು. ನಿಮ್ಮಲ್ಲಿ ಜುಲೈಯಲ್ಲಿ ಅದಕ್ಕಿಂತ ಬಹಳ ಕಡಿಮೆ, ಅದೂ ಸಿಲ್ವರ್ ಓಕ್ ನೆರಳು ಬೀಳದಿದ್ದರೆ. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೂ ಆ ಸಾಲಿನದೆಲ್ಲ ಇಳಿಯುತ್ತೆ. ಪಿಎಂ ಸೂರ್ಯಘರ್ ಸಬ್ಸಿಡಿ (3 ಕಿಲೋವ್ಯಾಟಿಗೆ 78,000) ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ನಿಮ್ಮ ಮೆಸ್ಕಾಂ (ಕರೆಂಟ್ ಕಂಪನಿ) ಬಿಲ್ಲಿನಲ್ಲಿ ಯಾವ ದರವರ್ಗ ಬರೆದಿದೆ ನೋಡಿಕೊಂಡೇ ಸಹಿ ಹಾಕಿ.

ಡೀಸೆಲ್ ಇಳಿಸೋಕೆ ಬೇಕಾದದ್ದು ಬ್ಯಾಟರಿ, ಪ್ಯಾನೆಲ್ ಅಲ್ಲ. ರಾತ್ರಿ ಕರೆಂಟ್ ಹೋದಾಗ ನಿಮ್ಮ ನಿಜವಾದ ಲೋಡು ಎಷ್ಟು? ದೀಪ, ವೈಫೈ, ಎರಡು ಫ್ರಿಜ್, ಮೊಬೈಲ್ ಚಾರ್ಜ್, ಎಲ್ಲ ಸೇರಿ 500 ವ್ಯಾಟ್ ಇರಬಹುದು. ಅಷ್ಟಕ್ಕೆ 7.5 ಕೆವಿಎ ಜನರೇಟರ್ ಓಡಿಸಿದರೆ ಅದು ಹೆಚ್ಚುಕಡಿಮೆ ಖಾಲಿ ಓಡಿದ ಹಾಗೆ, ಗಂಟೆಗೆ ಲೀಟರಿನಷ್ಟು ಕುಡಿಯುತ್ತೆ. ಒಳಗೆ ಮಸಿ ಕಟ್ಟಿ ಎಂಜಿನ್ ಕೂಡ ಬೇಗ ಹಾಳು. 48 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ 5 ಯೂನಿಟ್ ಸಂಗ್ರಹ. 500 ವ್ಯಾಟ್ ಲೋಡಿಗೆ ಎಂಟು ಒಂಬತ್ತು ಗಂಟೆ ಬರುತ್ತೆ. ಕರೆಂಟ್ ಬಂದಾಗ ಗ್ರಿಡ್‌ನಿಂದಲೇ ಚಾರ್ಜ್ ಆಗುತ್ತೆ, ಬಿಸಿಲಿಗೆ ಕಾಯಬೇಕಿಲ್ಲ. ಬ್ಯಾಟರಿ, ಪ್ಯಾನೆಲ್ ಎರಡಕ್ಕೂ ಆಗೋ ಹೈಬ್ರಿಡ್ ಇನ್ವರ್ಟರನ್ನೇ ತಗೊಳ್ಳಿ, ನಾಳೆ ಎರಡು ಕಿಲೋವ್ಯಾಟ್ ಪ್ಯಾನೆಲ್ ಸೇರಿಸಬಹುದು.

ಹೀಟ್ ಪಂಪು, ಗೀಸರು, ಬಾವಿ ಪಂಪು ಇವನ್ನು ಇನ್ವರ್ಟರ್ ಲೈನಿಗೆ ಸೇರಿಸಬೇಡಿ. ಒಂದು ಎಚ್‌ಪಿ ಪಂಪು ಓಡೋದು ಮುಕ್ಕಾಲು ಕಿಲೋವ್ಯಾಟಿನಲ್ಲಾದರೂ ಶುರುವಾಗೋ ಕ್ಷಣ ಅದರ ನಾಲ್ಕೈದು ಪಟ್ಟು ಎಳೆದು ಟ್ರಿಪ್ ಮಾಡುತ್ತೆ. ಎರಡು ಮೂರು ದಿನ ಲೈನೇ ಬರದ ಮಳೆಗೆ ಜನರೇಟರ್ ಇರಲಿ. ಹಗಲು ಒಂದೂವರೆ ಗಂಟೆ ಓಡಿಸಿ, ಅದೇ ಹೊತ್ತಿಗೆ ಪಂಪು, ಹೀಟ್ ಪಂಪು, ಬ್ಯಾಟರಿ ಚಾರ್ಜು ಮೂರನ್ನೂ ಮುಗಿಸಿದರೆ ಡೀಸೆಲ್ ದುಡಿಯುತ್ತೆ. 60 ಲೀಟರಿನದು 15–20ಕ್ಕೆ ಇಳಿಯೋದು ಕಷ್ಟವಲ್ಲ.

ಏಪ್ರಿಲ್-ಮೇ ಗುಡುಗಿಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿಗೆ ಏರೋ ವೋಲ್ಟೇಜ್ ತಡೆಯೋದು) ಇಲ್ಲದೆ ಇದ್ಯಾವುದನ್ನೂ ಕೂರಿಸಬೇಡಿ ಮಾರಾಯ್ರೆ. ಮೇನ್ ಬೋರ್ಡಿನಲ್ಲಿ ಟೈಪ್ 2 ದರ್ಜೆಯದು, ಅರ್ಥಿಂಗಿನ ರೋಧ 5 ಓಮ್‌ಗಿಂತ ಕೆಳಗೆ. ಬೇಸಿಗೆಯ ಕೊನೆಯಲ್ಲಿ, ನೆಲ ಒಣಗಿದಾಗ ಅಳೆಯಿಸಿ. ಮಳೆಗಾಲದಲ್ಲಿ ಅಳೆದರೆ ಎಲ್ಲಾ ಅರ್ಥಿಂಗೂ ಪಾಸೇ.

ಇಂಗುಗುಂಡಿ:

ಮೇಲಿನವರು ಕರೆಂಟಲ್ಲೇ ನಿಂತರು. ನಿಮ್ಮ ಸೆಪ್ಟಿಕ್ ಟ್ಯಾಂಕಿನ ಸಾಲು ಓದಿ ನನಗೆ ಅದೇ ಮೊದಲನೇ ಕೆಲಸ ಅನ್ನಿಸ್ತು. ಕಾರ್ಬನ್ ಎಷ್ಟೇ ಇರಲಿ, ಕೆಳಗಿನ ಮನೆಯವರ ಬಾವಿ ಕೆಟ್ಟರೆ ಹೋಂಸ್ಟೇ ಬಾಗಿಲು ಹಾಕಬೇಕು.

ಹತ್ತು ಜನ ದಿನಕ್ಕೆ ಸಾವಿರ ಲೀಟರ್ ಬಚ್ಚಲು, ಅಡುಗೆಮನೆ ನೀರು ಬಿಡ್ತಾರೆ. ಅದೆಲ್ಲ ಸೆಪ್ಟಿಕ್ ಟ್ಯಾಂಕಿಗೆ ಹೋದರೆ ಗಸಿ ತಳಕ್ಕೆ ಕೂರೋಕೆ ಸಮಯ ಸಿಗದೆ ಹಾಗೇ ಇಂಗುಗುಂಡಿಗೆ ತಳ್ಳಿಕೊಂಡು ಹೋಗುತ್ತೆ. ಫಿನಾಯಿಲು, ಆಸಿಡ್ಡು ಹೋದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತೆ. ಜುಲೈಯಲ್ಲಿ ನೆಲದ ನೀರು ಮೇಲೆ ಬಂದಾಗ ಇಂಗುಗುಂಡಿ ಇಂಗಿಸಲ್ಲ, ಉಕ್ಕುತ್ತೆ. ಹಾಗಾಗಿ ಟಾಯ್ಲೆಟ್ ಮಾತ್ರ ಸೆಪ್ಟಿಕ್ ಟ್ಯಾಂಕಿಗೆ, ಉಳಿದದ್ದು ಬೇರೆ ಪೈಪಿಗೆ. ಇಂಗುಗುಂಡಿ ಬಾವಿಯಿಂದ 18 ಮೀಟರಿಗಿಂತ ದೂರ, ಬಾವಿಗಿಂತ ಇಳಿಜಾರಿನ ಕೆಳಗೆ. ಗಸಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕರ್ ಕರೆಸಿ ತೆಗೆಸಿ, ಅದನ್ನು ಎಲ್ಲಿ ಸುರಿಯುತ್ತಾರೆ ಅಂತಲೂ ಕೇಳಿ. ಹಳ್ಳಕ್ಕೆ ಬಿಟ್ಟರೆ ನೀವು ಮಾಡಿದ್ದೆಲ್ಲ ದಂಡ.

ಅಡುಗೆಮನೆ ನೀರಿಗೆ ಜಿಡ್ಡು ಹಿಡಿಯೋ ತೊಟ್ಟಿ ಬೇಕು: ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಹೊರಹೋಗೋ ಪೈಪಿಗೆ ಟಿ ಆಕಾರದ ಜೋಡಣೆ ಹಾಕಿ ಅದರ ಕಾಲು ನೀರಿನೊಳಗೆ ಮುಕ್ಕಾಲು ಅಡಿ ಮುಳುಗಿರಲಿ, ಆಗ ಮೇಲೆ ತೇಲೋ ಜಿಡ್ಡು ಅಲ್ಲೇ ಉಳಿಯುತ್ತೆ. ಪ್ರತಿ ಸೋಮವಾರ ಸೌಟಲ್ಲಿ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಪಂದಿ ಕರಿ, ಕೋಳಿ ಸಾರು ಆಗೋ ಮನೆಯಲ್ಲಿ ಎರಡು ವಾರ ಬಿಟ್ಟರೆ ಮುಂದಿನ ಪೈಪೆಲ್ಲ ಕಟ್ಟಿಕೊಳ್ಳುತ್ತೆ. ಅಲ್ಲಿಂದ ಬಚ್ಚಲ ನೀರಿನ ಜೊತೆ ಸೇರಿಸಿ ಜಲ್ಲಿ ತುಂಬಿದ ಉದ್ದನೆಯ ತೊಟ್ಟಿಗೆ, ಅದರಲ್ಲಿ ಕಾಬಾಳೆ ನೆಡಿ, ಕೊನೆಗೆ ಬಾಳೆಬುಡಕ್ಕೆ. ತೊಟ್ಟಿಯ ಅಂಚು ನೆಲಕ್ಕಿಂತ ಒಂದಡಿ ಎತ್ತರ ಕಟ್ಟಿಸಿ, ಮಳೆನೀರು ನುಗ್ಗಬಾರದು.

ಗೋಬರ್ ಗ್ಯಾಸ್ ಯಾರಾದರೂ ಹೇಳೇ ಹೇಳ್ತಾರೆ, ಅದಕ್ಕೆ ಈಗಲೇ ಹೇಳಿಬಿಡ್ತೀನಿ. ಎರಡು ಘನ ಮೀಟರಿನ ಪ್ಲಾಂಟಿಗೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಎರಡು ಹಸುವಿಂದ ಸಿಗೋದು 20. ಅಡುಗೆಮನೆ ಕಸ ಸೇರಿಸಿದರೆ ಗ್ಯಾಸ್ ಹೆಚ್ಚುತ್ತೆ ನಿಜ. ಆದರೆ ಶನಿವಾರ ಭಾನುವಾರ ಬಕೆಟ್‌ಗಟ್ಟಲೆ ಅನ್ನ, ಬುಧವಾರ ಏನೂ ಇಲ್ಲ ಅನ್ನೋ ಹಾಗೆ ತಿನ್ನಿಸಿದರೆ ಪ್ಲಾಂಟು ಹುಳಿಯುತ್ತೆ. ಗುರುತು: ಗ್ಯಾಸ್ ಬರುತ್ತೆ, ಒಲೆ ಹತ್ತಲ್ಲ. ಆಗ ವಾರ ಕಸ ನಿಲ್ಲಿಸಿ, ಸಗಣಿ ನೀರು ಮಾತ್ರ ಹಾಕಬೇಕು. ನಿಮಗೆ ಒಂದು ಘನ ಮೀಟರಿನದು ಸಾಕು, ದಿನಕ್ಕೆ 3 ಕೆಜಿಗಿಂತ ಹೆಚ್ಚು ಕಸ ಬೇಡ, ಉಳಿದದ್ದು ಮುಚ್ಚಳದ ಡ್ರಮ್ಮಿನಲ್ಲಿ ವಾರಕ್ಕೆ ಹಂಚಿ. ನಿಂಬೆ, ಕಿತ್ತಳೆ ಸಿಪ್ಪೆ ಹಾಕಲೇಬೇಡಿ. ಒಂದು ಘನ ಮೀಟರ್ ಗ್ಯಾಸ್ ಅಂದರೆ 0.45 ಕೆಜಿ ಎಲ್‌ಪಿಜಿ, ತಿಂಗಳಿಗೆ 13 ಕೆಜಿ ಉಳಿತಾಯ. ಪೈಪಿನ ತಗ್ಗಿನಲ್ಲಿ ನೀರು ಬಸಿಯೋ ಕೊಳಾಯಿ ಇಡಿ, ಇಲ್ಲವಾದರೆ ಚಳಿಗಾಲದಲ್ಲಿ ಒಲೆಯ ಉರಿ ಕುಣಿಯುತ್ತೆ.

360 ಬಾಟಲಿಗೆ ಉತ್ತರ ಆರ್‌ಒ (ಲವಣ ತೆಗೆಯೋ ಫಿಲ್ಟರ್) ಅಲ್ಲ. ನಿಮ್ಮ ಬಾವಿ ನೀರಿನಲ್ಲಿ ಲವಣ ಮೊದಲೇ ಕಡಿಮೆ, ಆರ್‌ಒ ಹಾಕಿದರೆ ಒಂದು ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲಿ ಸಪ್ಪೆ ನೀರು ಕೊಡುತ್ತೆ. ತೊಂದರೆ ಇರೋದು ಮೊದಲ ಮಳೆಯ ಕೆಂಪು ರಾಡಿ ಮತ್ತು ಕೋಲಿಫಾರ್ಮ್ (ಕೊಳೆ ಸೇರಿದ್ದನ್ನು ತೋರಿಸೋ ಬ್ಯಾಕ್ಟೀರಿಯಾ). 20 ಮೈಕ್ರಾನ್, ಆಮೇಲೆ 5 ಮೈಕ್ರಾನ್ ಫಿಲ್ಟರ್, ಯುಎಫ್ (ಇನ್ನೂ ಸಣ್ಣ ರಂಧ್ರದ ಸೋಸುಪೊರೆ), ಕೊನೆಗೆ ಯುವಿ (ರೋಗಾಣು ಕೊಲ್ಲೋ ಬೆಳಕು). ನೀರು ರಾಡಿಯಿದ್ದರೆ ಯುವಿ ಬೆಳಕು ದಾಟಲ್ಲ, ಹಾಗಾಗಿ ಜೂನ್ ಜುಲೈಯಲ್ಲಿ 20 ಮೈಕ್ರಾನಿನದನ್ನು ತಿಂಗಳಿಗೊಮ್ಮೆ ಬದಲಿಸಿ. ಯುವಿ ಲ್ಯಾಂಪು ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಾಗಬೇಕು. ಅದನ್ನು ಇನ್ವರ್ಟರ್ ಲೈನಿಗೆ ಕೊಡಿ, ಕರೆಂಟಿಲ್ಲದ ಯುವಿ ಬರೀ ಪೈಪು. ರೂಮಿಗೆ ಅಗಲ ಬಾಯಿಯ ಗಾಜಿನ ಬಾಟಲಿ ಎರಡು. ಮಳೆಗಾಲಕ್ಕೆ ಮುಂಚೆ ಮತ್ತು ನಂತರ ನೀರು ಪರೀಕ್ಷೆ ಮಾಡಿಸಿ ವರದಿಯನ್ನು ಊಟದ ಕೋಣೆಯಲ್ಲಿ ತೂಗುಹಾಕಿದರೆ ಬಾಟಲಿ ಕೇಳೋರು ಕಡಿಮೆಯಾಗ್ತಾರೆ.

ಕಾಫಿಹೂ:

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು. ತೋಟದಲ್ಲಿ ಎಕರೆಗಟ್ಟಲೆ ನೆರಳಿನ ಮರ ಇದೆ, ಅದನ್ನು ಲೆಕ್ಕ ಹಿಡಿದು "ಕಾರ್ಬನ್ ನ್ಯೂಟ್ರಲ್" ಅಂತ ಬೋರ್ಡ್ ಹಾಕಬಹುದಾ? ಗ್ಲಾಸ್ಗೋ ಘೋಷಣೆಗೆ ಸಹಿ ಹಾಕಿ ಅಂತಲೂ ಕಂಪನಿಯವರು ಬರೆದಿದ್ದಾರೆ.

ಲೆಕ್ಕದಪುಸ್ತಕ:

ಬೋರ್ಡ್ ಬೇಡ. ಮತ್ತಿ, ಹಲಸು, ನಂದಿ ಅಲ್ಲಿ ನಿಮ್ಮ ಹೋಂಸ್ಟೇಗಿಂತ ಮೊದಲೇ ನಿಂತಿದ್ದವು. ಅತಿಥಿ ಬಂದನೆಂದು ಅವು ಹೆಚ್ಚು ಹೀರಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಹಸಿರು ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. "ಗ್ರೀನ್", "ಇಕೋ ಫ್ರೆಂಡ್ಲಿ" ಅಂತ ಬರೆದವರು ಅದಕ್ಕೆ ಪುರಾವೆ ತೋರಿಸಬೇಕು. "ರೂಮ್-ರಾತ್ರಿಗೆ 11 ಕೆಜಿ ಇತ್ತು, ಈ ವರ್ಷ ಇಷ್ಟು" ಅಂತ ಬಿಲ್ಲಿನ ಜೊತೆ ಬರೆಯಿರಿ, ಕಂಪನಿಯವರಿಗೆ ಬೇಕಿರೋದೂ ಅದೇ.

ಗ್ಲಾಸ್ಗೋ ಘೋಷಣೆ 2021ರ ಹವಾಮಾನ ಸಮ್ಮೇಳನದಲ್ಲಿ ಪ್ರವಾಸೋದ್ಯಮಕ್ಕೆಂದೇ ಆದದ್ದು. 2030ರೊಳಗೆ ಹೊರಸೂಸುವಿಕೆ ಅರ್ಧಕ್ಕಿಳಿಸೋದು, ಆದಷ್ಟು ಬೇಗ, 2050ಕ್ಕೆ ಮೊದಲು ನೆಟ್ ಝೀರೋ (ಬಿಟ್ಟಷ್ಟನ್ನೂ ಹೀರಿಸಿ ಸರಿದೂಗಿಸೋದು), ಸಹಿ ಹಾಕಿದ 12 ತಿಂಗಳಲ್ಲಿ ಕ್ರಿಯಾಯೋಜನೆ, ಆಮೇಲೆ ವರ್ಷಾವರ್ಷ ವರದಿ. ಮೊದಲು ಒಂದು ವರ್ಷದ ಕ್ಯಾಲೆಂಡರ್ ತುಂಬಿಸಿ, ಆಮೇಲೆ ಸಹಿ. ಅಷ್ಟರೊಳಗೆ ನಮ್ಮ ಸರ್ಕಾರದ ಸ್ವಚ್ಛತಾ ಗ್ರೀನ್ ಲೀಫ್ ರೇಟಿಂಗ್‌ಗೆ ಅರ್ಜಿ ಹಾಕಿ. ಅದರಲ್ಲಿ ನೋಡೋದು ಘನತ್ಯಾಜ್ಯ, ಮಲತ್ಯಾಜ್ಯ, ಬಚ್ಚಲ ನೀರು. ಇಂಗುಗುಂಡಿಯವರು ಹೇಳಿದಷ್ಟು ಮಾಡಿದರೆ ಅರ್ಧ ಕೆಲಸ ಆಯ್ತು.

ಇಂಗುಗುಂಡಿ:

ಪೈಪ್ ಬೇರ್ಪಡಿಸೋ ಕೆಲಸ ಫೆಬ್ರವರಿಯಲ್ಲಿ ಹಿಡಿಯಿರಿ. ಕೊಯ್ಲು ಮುಗಿದು ಆಳು ಸಿಗುತ್ತೆ, ನೆಲವೂ ಒಣಗಿರುತ್ತೆ. ಅಗೆಯೋ ಮೊದಲು ಈಗಿರೋ ಲೈನಿನ ಫೋಟೋ ತೆಗೆದು, ಗೋಡೆಯಿಂದ ಎಷ್ಟಡಿ ಅಂತ ಬರೆದಿಟ್ಟುಕೊಳ್ಳಿ. ಮತ್ತೆ ಹೀಟ್ ಪಂಪಿನ ಬಿಸಿನೀರಿನ ಪೈಪನ್ನು ಅದೇ ಕಾಲುವೆಯಲ್ಲಿ ಹೂಳಬೇಡಿ ಅಂತ ಪ್ಲಂಬರಿಗೆ ಎರಡು ಸಲ ಹೇಳಿ, ಒಂದೇ ಅಗೆತದಲ್ಲಿ ಮುಗಿಸೋಕೆ ನೋಡ್ತಾನೆ.